ದೊಡ್ಡ ಗಂಟಲಿನ ಕಾರ್ಬ್ಯುರೇಟರ್

ನಾನು ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ಟರ್. ಕುರುಗೋಡಿನ ನಮ್ಮ ಮನೆಯ ಪಡಸಾಲೆಯನ್ನು ಒಂದು ಉದ್ದನೆಯ ಮೇಜು ನುಂಗಿಕೊಂಡಿದೆ. ಬಳ್ಳಾರಿಯಿಂದ ಬರುವ ಬಟ್ಟೆಯನ್ನು ಅದರ ಮೇಲೆ ಪದರ ಪದರವಾಗಿ ಹಾಸಿ, ರಟ್ಟಿನ ಅಳತೆ ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮಷಿನ್ನಿನಿಂದ ಕತ್ತರಿಸುವುದು ನನ್ನ ಕೆಲಸ. ಹೊಲಿಯುವವರು ನನ್ನ ಹೆಂಡತಿ ಮತ್ತು ಓಣಿಯ ನಾಲ್ಕು ಜನ ಹೆಣ್ಣುಮಕ್ಕಳು. ಎದುರಿಗೆ ನಡೆದು ಬರುವವನ ಸೊಂಟ ನೋಡಿ ಇವನು ಮೂವತ್ತೆರಡು, ಇವನು ಮೂವತ್ತನಾಲ್ಕು ಎಂದು ಹೇಳಬಲ್ಲೆ; ಇವತ್ತಿನವರೆಗೆ ತಪ್ಪಿಲ್ಲ. ಇಂಥವನು ಸೈಜಿನ ವಿಷಯದಲ್ಲೇ ಎಡವಿದ ಎಂದರೆ ಕೇಳಿದವರು ನಗುತ್ತಾರೆ. ನಗಲಿ ಬಿಡಿ. ನನಗೆ ಮಾತ್ರ ಅದನ್ನು ನೆನೆದರೆ ಇನ್ನೂ ಮೈ ಬೆವರುತ್ತದೆ.

ಅವ್ವನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಯಂತ್ರದ ಪಕ್ಕದ ಮಂಚದಲ್ಲಿ ನಾಲ್ಕು ತಾಸು ಮಲಗಬೇಕು. ನಮ್ಮ ಡಾಕ್ಟರು ಬಳ್ಳಾರಿಯವರು, ಬೆಳಗಿನ ಪಾಳಿಯಲ್ಲಿ ಮಂಚ ಸಿಕ್ಕಿದ್ದೂ ಬಳ್ಳಾರಿಯಲ್ಲೇ. ಎಂಟು ಗಂಟೆಗೆ ಸರಿಯಾಗಿ ಅಲ್ಲಿರಬೇಕು. ತಡವಾದಷ್ಟನ್ನೂ ಆ ನಾಲ್ಕು ತಾಸಿನಲ್ಲೇ ಮುರಿದುಕೊಳ್ಳುತ್ತಾರೆ, ಏಕೆಂದರೆ ಮಧ್ಯಾಹ್ನದ ಪಾಳಿಯವರು ಹೊರಗೆ ಬೆಂಚಿನ ಮೇಲೆ ಕಾದು ಕೂತಿರುತ್ತಾರೆ. ಕುಡಿದ ನೀರು ಹೊರಗೆ ಹೋಗದ ದೇಹ ಅದು. ಎಲ್ಲ ಒಳಗೇ ನಿಲ್ಲುತ್ತದೆ. ದಿನಕ್ಕೆ ಮೂರು ಸಣ್ಣ ಲೋಟ ಎಂದು ಡಾಕ್ಟರು ಗೆರೆ ಎಳೆದಿದ್ದಾರೆ. ನಮ್ಮ ಬಿಸಿಲಲ್ಲಿ ದಿನಕ್ಕೆ ಮೂರು ಸಣ್ಣ ಲೋಟ! ಶುಕ್ರವಾರ ಕಳೆದು ಸೋಮವಾರ ಬರುವುದರೊಳಗೆ ಎರಡು ದಿನ ಖಾಲಿ ಹೋಗುತ್ತವಲ್ಲ, ಆ ಸೋಮವಾರ ಬೆಳಿಗ್ಗೆ ಅವ್ವನ ಪಾದಗಳು ಬಾತಿರುತ್ತವೆ, ಮಾತಿನ ನಡುವೆ ಉಸಿರು ತುಂಡಾಗುತ್ತದೆ. ಉಳಿದ ದಿನ ಹತ್ತು ನಿಮಿಷ ಹಿಂದೆ ಮುಂದೆ ಆದರೂ ನಡೆದೀತು, ಸೋಮವಾರ ನಡೆಯುವುದಿಲ್ಲ.

ನಾನು ಒಬ್ಬನೇ ಮಗ. ಕಾರು ಹೊಡೆಯಲು ಬರುವವನೂ ಮನೆಯಲ್ಲಿ ನಾನೊಬ್ಬನೇ. ಯಾರು ಮದುವೆಗೆ ಕರೆದರೂ ನಾನು ಮೊದಲು ಕೇಳುತ್ತಿದ್ದುದು, ವಾರ ಯಾವುದು ಎಂದು. ಹೆಂಡತಿಯ ತವರು ಸಿರುಗುಪ್ಪ. ಅಲ್ಲಿಗೆ ಹೋದರೂ ಸಂಜೆಯೊಳಗೆ ತಿರುಗಿ ಬರಬೇಕು. ಕಟಿಂಗ್ ಮುಗಿಯದೆ ಹೊಲಿಯುವವರು ಕೈಕಟ್ಟಿ ಕೂತರೆ ಬೈಸಿಕೊಳ್ಳುವವನು ನಾನು, ಅವಸರದಲ್ಲಿ ಕತ್ತರಿಸಿ ಪದರ ಜಾರಿದರೆ ಬೈಸಿಕೊಳ್ಳುವವನೂ ನಾನೇ. ಇದಕ್ಕೆ ರಜೆ ಇಲ್ಲ, ಮುಗಿಯುವ ದಿನ ಎಂಬುದಿಲ್ಲ. ಮುಗಿಯುವ ದಿನ ಎಂದರೆ ಏನರ್ಥ ಎಂದು ಯೋಚನೆ ಬಂದಾಗಲೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. ಆದರೂ ಯೋಚನೆ ಬರುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ನಮ್ಮದು ಎಂಟುನೂರು ಸಿಸಿಯ ಪುಟ್ಟ ಬಿಳಿ ಕಾರು, ಅಪ್ಪ ಬದುಕಿದ್ದಾಗ ಕೊಂಡದ್ದು. ಈಗಿನ ಕಾರುಗಳಲ್ಲಿ ಎಷ್ಟು ಪೆಟ್ರೋಲ್ ಬೇಕೆಂದು ಕಂಪ್ಯೂಟರೇ ನಿರ್ಧರಿಸಿ ಚಿಮ್ಮಿಸುತ್ತದಂತೆ. ನಮ್ಮದು ಅದಕ್ಕೂ ಹಿಂದಿನ ಕಾಲದ್ದು. ಅದರಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಉಣಿಸುವುದು ಕಾರ್ಬ್ಯುರೇಟರ್. ಆ ಕಾರಿಗೆ ಒಂದು ದಿನವೂ ಸೊಕ್ಕು ಬಂದದ್ದಿಲ್ಲ. ಚಾವಿ ತಿರುಗಿಸಿದರೆ ಹೊರಡುತ್ತದೆ, ಹೇಳಿದಲ್ಲಿ ನಿಲ್ಲುತ್ತದೆ. ಆದರೆ ಭತ್ತದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡರೆ ದಾಟಿ ಹೋಗುವ ತ್ರಾಣ ಅದಕ್ಕಿಲ್ಲ. ಕಾಲು ಅದುಮಿದರೆ ಮೊದಲು ಒಂದು ನಿಟ್ಟುಸಿರು ಬಿಟ್ಟು, ಆಮೇಲೆ ಯೋಚಿಸಿ, ಆಮೇಲೆ ಎಳೆಯುತ್ತದೆ. ಅಷ್ಟರಲ್ಲಿ ಎದುರಿನಿಂದ ಲಾರಿ ಬಂದಿರುತ್ತದೆ. ಕುರುಗೋಡಿನಿಂದ ಬಳ್ಳಾರಿ ಆಸ್ಪತ್ರೆ ಮುಟ್ಟಲು ಒಂದು ತಾಸು ಬೇಕೇ ಬೇಕು. ಹೋಗುವಾಗ ಕಾಲು ತಾಸು, ಬರುವಾಗ ಕಾಲು ತಾಸು ಉಳಿಸಿದರೂ ಸಾಕು, ನನ್ನ ಕುತ್ತಿಗೆಯ ಹಗ್ಗ ಅಷ್ಟಾದರೂ ಸಡಿಲವಾದೀತು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅವ್ವನ ತಮ್ಮ, ನನ್ನ ಸೋದರಮಾವ, ಬಳ್ಳಾರಿಯ ಒಂದು ಗ್ಯಾರೇಜಿನಲ್ಲಿ ನಲವತ್ತು ವರ್ಷ ಕೆಲಸ ಮಾಡಿದವನು. ಅಕ್ಕ ತಮ್ಮ ಇಬ್ಬರೂ ಸಿರುಗುಪ್ಪ ಕಡೆಯ ಕರೂರಿನಲ್ಲಿ ಹುಟ್ಟಿ ಬೆಳೆದವರು. ಕಾರ್ಬ್ಯುರೇಟರ್ ಬಿಚ್ಚಿ ಕೂಡಿಸುವುದರಲ್ಲಿ ಮಾವನನ್ನು ಮೀರಿಸುವವರಿರಲಿಲ್ಲ. ಕಾರ್ಬ್ಯುರೇಟರಿನ ಕಾರುಗಳೇ ಇಲ್ಲವಾದಾಗ ಅವನೂ ಗ್ಯಾರೇಜು ಬಿಟ್ಟ. ಈಗ ಬಳ್ಳಾರಿಯ ಊರೊಳಗಿನ ರೈಲ್ವೆ ಗೇಟಿನ ಹತ್ತಿರ ಎರಡು ಕೋಣೆಯ ಮನೆಯಲ್ಲಿರುತ್ತಾನೆ. ಡಯಾಲಿಸಿಸ್ ದಿನ ತಪ್ಪದೆ ಆಸ್ಪತ್ರೆಗೆ ಬಂದು, ಅಕ್ಕನನ್ನು ಒಳಗೆ ಕಳಿಸಿ, ಆಮೇಲೆ ಹೊರಗೆ ಬೇವಿನ ಮರದ ಕೆಳಗೆ ನಮ್ಮ ಕಾರಿನ ಬಾನೆಟ್ ಎತ್ತಿ ಕಿವಿಗೊಟ್ಟು ನಿಲ್ಲುತ್ತಾನೆ. ಅದು ಅವನ ಚಟ. ಅಂಥ ಒಂದು ದಿನ ನಾನು ಕೇಳಿಯೇ ಬಿಟ್ಟೆ.

"ಮಾವ, ಇದಕ್ಕ ದೊಡ್ಡ ಕಾರ್ಬ್ಯುರೇಟರ್ ಕುಂದರಿಸಿದ್ರ ಹೆಂಗ? ಗಾಳಿ ಜಾಸ್ತಿ, ಪೆಟ್ರೋಲ್ ಜಾಸ್ತಿ, ಪಿಕಪ್ ಜಾಸ್ತಿ."

ಮಾವ ನನ್ನ ಮುಖ ನೋಡಲಿಲ್ಲ. "ನಿಮ್ಮವ್ವ ಕೊಳವಿ ಹಿಡದು ಒಲಿ ಊದತಿದ್ಲಲ್ಲ, ನೆನಪೈತೇನು?"

"ಐತಿ."

"ಆ ಕೊಳವಿ ಬದಲಿ ಬೋರ್‌ವೆಲ್ ಪೈಪ್ ಬಾಯಿಗಿ ಇಟಗೊಂಡು ಊದಿದ್ರ ಬೆಂಕಿ ಹತ್ತತಿತ್ತೇನು?"

ಅವನು ಕಾರ್ಬ್ಯುರೇಟರಿನ ಬಾಯಿಗೆ ಬೆರಳಿಟ್ಟು ತೋರಿಸಿದ. ಒಳಗೆ ನಡುಭಾಗ ಸಣ್ಣಗಾಗಿತ್ತು. ಗಾಳಿ ಅಲ್ಲಿಗೆ ಬಂದಾಗ ಜಾಗ ಸಾಲದೆ ಓಟ ಕೀಳುತ್ತದೆ. ಆ ಓಟದ ಸೆಳೆತಕ್ಕೆ ಪಕ್ಕದ ಸಣ್ಣ ತೂತಿನಿಂದ ಪೆಟ್ರೋಲ್ ತಾನೇ ಎದ್ದು ಬಂದು ಮಂಜಿನ ಹಾಗೆ ಗಾಳಿಯಲ್ಲಿ ಬೆರೆಯುತ್ತದೆ. ಆ ಸಣ್ಣ ಜಾಗವನ್ನು ಮಾವ ಗಂಟಲು ಎನ್ನುತ್ತಾನೆ. ಗಂಟಲು ಅಗಲವಾದರೆ ಗಾಳಿ ಅವಸರವಿಲ್ಲದೆ ನಡೆದು ಹೋಗುತ್ತದೆ, ಸೆಳೆತ ಹುಟ್ಟುವುದಿಲ್ಲ, ಪೆಟ್ರೋಲ್ ಮಂಜಾಗದೆ ಹನಿ ಹನಿಯಾಗಿ ಬೀಳುತ್ತದೆ. ಹನಿ ಸರಿಯಾಗಿ ಉರಿಯುವುದಿಲ್ಲ.

"ಎಂಜಿನ್ ಅಂದ್ರ ಎದಿ. ಎದಿ ಎಷ್ಟು ಎಳಕೊಂತೈತೋ ಅಷ್ಟಕ್ಕ ತಕ್ಕ ಗಂಟಲ. ಇದಕ್ಕ ದೊಡ್ಡ ಗಾಡಿದು ಹಚ್ಚಿದ್ರ ಜೋರು ಓಡಿಸಿದಾಗಷ್ಟ ಉಸರಾಡತೈತಿ, ನಿಧಾನ ಆತಂದ್ರ ಉಸರ ಕಟ್ಟತೈತಿ. ರೇಸಿನವರು ಹಾಕ್ಕೊಂತಾರ, ಅವರು ಕಾಲ ತೆಗಿಯಂಗಿಲ್ಲ. ನೀನು ನಿಧಾನ ಹೋಗಾವ. ಸುಮ್ಕಿರು."

ಅವನು ಹೇಳಿದ್ದೆಲ್ಲ ಸರಿಯಾಗಿತ್ತು. ನನಗೆ ನಾಟಿದ್ದು ಕೊನೆಯ ಮಾತು ಮಾತ್ರ. ನಾನು ನಿಧಾನ ಹೋಗುವವನಂತೆ. ಮೂರು ವರ್ಷದಿಂದ ಟ್ರ್ಯಾಕ್ಟರಿನ ಹೊಗೆ ಕುಡಿಯುತ್ತ ಅದೇ ರಸ್ತೆ, ಅದೇ ಹಂಪು, ಅದೇ ಮಂಚ. ಸಾಯುವ ತನಕ ನಾನು ನಿಧಾನ ಹೋಗುವವನೇ ಎಂದು ಯಾರೋ ಹಣೆಯ ಮೇಲೆ ಬರೆದ ಹಾಗಾಯಿತು.

ಮುಂದಿನ ವಾರ ಗುರುವಾರ ಹೆಂಡತಿಯನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಹೋಗಿದ್ದೆ. ಅವಳನ್ನು ತವರಿನಲ್ಲಿ ಬಿಟ್ಟು ಸುಮ್ಮನೆ ಊರೊಳಗೆ ಅಡ್ಡಾಡುವಾಗ ಭತ್ತ ಕೊಯ್ಯುವ ಮಷಿನ್ ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಸಿಕ್ಕ. ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವ ಬಾಯಿ, ಸದಾ ನಗುವ ಮುಖ. ನನ್ನ ಆಸೆ ಕೇಳಿದ ಕೂಡಲೇ ಶೆಡ್ಡಿನ ಮೂಲೆಯ ಬುಟ್ಟಿಯಿಂದ ಹಳೆಯ ಜೀಪಿನ ಕಾರ್ಬ್ಯುರೇಟರ್ ಒಂದನ್ನು ಎತ್ತಿ ಹಿಡಿದ. ನಮ್ಮ ಕಾರಿನದು ಅದರ ಮುಂದೆ ಮಗುವಿನ ಹಾಗಿತ್ತು.

"ಕೂಡತೈತೇನ್ರಿ ಇದು?" ಎಂದೆ.

"ಏಮ್ ಕಾದಣ್ಣಾ, ಏನೂ ಆಗಂಗಿಲ್ಲ! ನಡುವ ಒಂದು ಪ್ಲೇಟ್ ಕೊರದು ಹಾಕಿದ್ರ ಕೂಡತೈತಿ. ಗಂಟಲ ದೊಡ್ಡದಾತು, ಪೆಟ್ರೋಲ್ ಸಾಲಂಗಿಲ್ಲ, ಜೆಟ್ಟೂ ದೊಡ್ಡದು ಹಾಕತೀನಿ. ಗಾಡಿ ಹಾರತೈತಿ ನೋಡ್ರಿ."

ಜೆಟ್ ಎಂದರೆ ಪೆಟ್ರೋಲ್ ಬರುವ ಆ ಸಣ್ಣ ತೂತು. ಇಪ್ಪತ್ತೆಂಟರ ಸೊಂಟಕ್ಕೆ ಮೂವತ್ತಾರರ ಪ್ಯಾಂಟು ಹಾಕಿ ಹಗ್ಗ ಬಿಗಿದ ಹಾಗೆ ಎಂದು ನನಗೆ ಆ ಹೊತ್ತಿಗೇ ಹೊಳೆಯಬೇಕಿತ್ತು. ದಿನಾ ಆ ಕೆಲಸವನ್ನೇ ಮಾಡುವವನು ನಾನು. ಹೊಳೆಯಲಿಲ್ಲ, ಅಥವಾ ಹೊಳೆದದ್ದನ್ನು ನಾನೇ ಮುಚ್ಚಿಟ್ಟೆ. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಬಿಚ್ಚಿದ ಹಳೆಯ ಸಾಮಾನನ್ನು ಮಾಲೀಕನ ಕೈಗೇ ಕೊಡುವುದು ಈ ಕಡೆಯ ಮಿಸ್ತ್ರಿಗಳ ಪದ್ಧತಿ, ಇಲ್ಲದಿದ್ದರೆ ಮಾರಿಕೊಂಡ ಎಂಬ ಮಾತು ಬರುತ್ತದೆ. ಅವನು ಸಣ್ಣ ಕಾರ್ಬ್ಯುರೇಟರನ್ನು ಒರೆಸಿ ಕೊಟ್ಟ. ನಾನು ಅದನ್ನು ಜೀನ್ಸ್ ತುಂಡಿನಲ್ಲಿ ಸುತ್ತಿ ಹಿಂದಿನ ಸೀಟಿನ ಕಾಲ ಬಳಿ ಹಾಕಿ ಮರೆತುಬಿಟ್ಟೆ.

ಸಿರುಗುಪ್ಪದಿಂದ ಬರುವ ದಾರಿ ಭತ್ತದ ಗದ್ದೆಗಳ ನಡುವೆ ನೂಲು ಹಿಡಿದ ಹಾಗೆ ನೆಟ್ಟಗಿದೆ. ಹೆಂಡತಿಯನ್ನು ಕೂರಿಸಿಕೊಂಡು ಹೊರಟಾಗ ರಸ್ತೆಯೂ ಖಾಲಿ. ಕಾಲು ಪೂರಾ ಅದುಮಿದೆ. ಮೊದಲು ಒಮ್ಮೆ ಕೆಮ್ಮಿ, ಆಮೇಲೆ ಆ ಮುದಿ ಕಾರು ಎಳೆದ ಎಳೆತವಿದೆಯಲ್ಲ! ಹೆಂಡತಿ ಬಾಗಿಲಿನ ಹಿಡಿ ಹಿಡಿದುಕೊಂಡಳು. ನಾನು ಒಬ್ಬನೇ ಜೋರಾಗಿ ನಕ್ಕೆ. ಮೂರು ವರ್ಷದಲ್ಲಿ ಹಾಗೆ ನಕ್ಕಿರಲಿಲ್ಲ. ಮರುದಿನ ಶುಕ್ರವಾರ ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಹೊರಟೆವು, ಎರಡು ಟ್ರ್ಯಾಕ್ಟರುಗಳನ್ನು ಸರಸರನೆ ದಾಟಿದೆ, ಆಸ್ಪತ್ರೆಯನ್ನು ಹನ್ನೆರಡು ನಿಮಿಷ ಮೊದಲೇ ಮುಟ್ಟಿದೆವು. ಅವ್ವ ಇಳಿಯುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಪೆಟ್ರೋಲ್ ವಾಸನೆ ಎಂದಳು. ನಾನು ಕೇಳಿಸಿಕೊಳ್ಳದವನಂತೆ ಗಾಲಿಕುರ್ಚಿ ತರಲು ಹೋದೆ.

ಆ ದಿನದಿಂದ ನನ್ನ ಎರಡನೆಯ ಜೈಲು ಶುರುವಾಯಿತು. ಕಾರು ಓಡುವಾಗ ಸರಿ. ವೇಗ ಇಳಿಸಿದರೆ ಎಂಜಿನ್ ನಡುಗುತ್ತದೆ, ಕೆಮ್ಮುತ್ತದೆ, ಕಾಲು ತೆಗೆದರೆ ಸತ್ತೇ ಹೋಗುತ್ತದೆ. ಹಾಗಾಗಿ ನಿಂತಲ್ಲೂ ಕಾಲು ಅದುಮಿಕೊಂಡೇ ಇರಬೇಕು. ಹಂಪಿನ ಮೇಲೆ ಬ್ರೇಕು ಒತ್ತುವುದೋ ಪೆಟ್ರೋಲ್ ಒತ್ತುವುದೋ ಎಂದು ಎರಡು ಕಾಲು ಕುಣಿಯುತ್ತಿದ್ದವು. ಆಸ್ಪತ್ರೆಯ ಮುಂದೆ ಮಾವ ಬಾನೆಟ್ಟಿಗೆ ಕೈ ಹಾಕಲು ಬಂದರೆ, "ಕೇಬಲ್ ಹರದೈತಿ ಮಾವ, ಏಳಂಗಿಲ್ಲ" ಎಂದು ಸುಳ್ಳು ಹೇಳಿದೆ. ಅವನು ಕೈ ಹಿಂದೆ ತೆಗೆದುಕೊಂಡು, ಗಾಳಿಯನ್ನು ಒಮ್ಮೆ ಮೂಸಿ, "ಹೌದಾ" ಎಂದು ಬೇವಿನ ಕೆಳಗೆ ಹೋಗಿ ಕೂತ. ಮುಂದಿನ ಸಲವೂ ಕೇಬಲ್ ಹರಿದೇ ಇತ್ತು. ಅದರ ಮುಂದಿನ ಸಲವೂ.

ಇನ್ನೊಂದು ಸಂಗತಿಯಿದೆ, ಅದನ್ನು ಹೇಳಲು ನಾಚಿಕೆಯಾಗುತ್ತದೆ. ನಮ್ಮೂರಿನಿಂದ ಹೊರಬೀಳುವಾಗ, ತಿರುಗಿ ಊರೊಳಗೆ ಬರುವಾಗ, ದೊಡ್ಡ ಬಸವಣ್ಣನ ಗುಡಿಯ ಹತ್ತಿರ ಕಾರನ್ನು ನಡಿಗೆಯ ವೇಗಕ್ಕೆ ಇಳಿಸುವುದು ಮನೆಯ ರೂಢಿ, ಅಪ್ಪನ ಕಾಲದಿಂದಲೂ. ಅವ್ವ ಚಪ್ಪಲಿ ಬಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕೈ ಮುಗಿದು, ಮುಗಿದ ಮೇಲೆ ನನ್ನ ಸೀಟಿನ ಬೆನ್ನಿಗೆ ಅಂಗೈಯಿಂದ ಒಂದು ಏಟು ಹಾಕುತ್ತಾಳೆ. ಹೋಗು ಎಂದರ್ಥ. ದೊಡ್ಡ ಕಾರ್ಬ್ಯುರೇಟರ್ ಬಂದ ಮೇಲೆ ಅಲ್ಲಿ ನಿಧಾನ ಮಾಡುವುದೇ ಆಗಲಿಲ್ಲ. ಎಂಜಿನ್ ನಿಂತರೆ ಮತ್ತೆ ಹತ್ತುತ್ತದೋ ಇಲ್ಲವೋ ಎಂಬ ಭಯಕ್ಕೆ ಗುಡಿಯ ಮುಂದೆ ಝರ್ರನೆ ಹೋಗಿಬಿಡುತ್ತಿದ್ದೆ. ಮೊದಲ ದಿನ ಅವ್ವ, "ಏ, ಬಸವಣ್ಣ ಹೋದಪಾ" ಎಂದಳು. ಎರಡನೆಯ ದಿನ ಕುತ್ತಿಗೆ ಹೊರಳಿಸಿ ಹಿಂದಿನ ಗಾಜಿನಿಂದ ಕೈ ಮುಗಿದಳು. ಆಮೇಲೆ ಏನೂ ಅನ್ನಲಿಲ್ಲ.

ಹೀಗೆ ಮೂರು ವಾರ ಕಳೆದವು. ನಾಲ್ಕನೆಯ ಸೋಮವಾರ ಬಂತು.

ಭಾನುವಾರ ನೆಂಟರು ಬಂದಿದ್ದರು, ಸೆಖೆ ಬೇರೆ. ಅವ್ವ ಒಂದು ಲೋಟ ಹೆಚ್ಚು ಕುಡಿದಿದ್ದಳೋ ಏನೋ, ಸೋಮವಾರ ಬೆಳಿಗ್ಗೆ ಅವಳನ್ನು ಕಾರಿಗೆ ಕೂರಿಸುವುದೇ ಕಷ್ಟವಾಯಿತು. ಒರಗಿದರೆ ಉಸಿರು ಸಿಗದು, ಮುಂದೆ ಬಾಗಿ ನನ್ನ ಸೀಟನ್ನು ತಬ್ಬಿಕೊಂಡು ಕೂತಳು. ದಾರಿಯನ್ನು ಹೇಗೋ ಹಾರಿಸಿಕೊಂಡು ಬಂದೆ. ಬಳ್ಳಾರಿ ಬಂತು, ಕೋಟೆಗುಡ್ಡ ಕಂಡಿತು. ಆಸ್ಪತ್ರೆಗೆ ಇನ್ನು ಹತ್ತು ನಿಮಿಷ ಇರಬಹುದು, ಕಣ್ಣೆದುರಿಗೇ ರೈಲ್ವೆ ಗೇಟು ಬಿತ್ತು.

ಆ ಗೇಟಿನಲ್ಲಿ ನಿಂತವರಿಗೆ ಗೊತ್ತು. ಒಂದೇ ನಿಮಿಷದಲ್ಲಿ ನಮ್ಮ ಎಡಕ್ಕೆ ಸಿಮೆಂಟಿನ ಲಾರಿ, ಬಲಕ್ಕೆ ಆಟೋ, ಹಿಂದೆ ಬಸ್ಸು, ಸಂದಿಯಲ್ಲೆಲ್ಲ ಬೈಕುಗಳು. ಬಾಗಿಲು ಅರ್ಧ ತೆರೆಯಲೂ ಜಾಗವಿಲ್ಲ. ಅದಿರಿನ ಗೂಡ್ಸ್ ಬಂತು, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವ ಲಕ್ಷಣವೇ ಇಲ್ಲ. ಎಂಜಿನ್ ಸಾಯದಿರಲಿ ಎಂದು ಕಾಲು ಅದುಮಿ ಹಿಡಿದಿದ್ದೆ. ಹೊಗೆಯೆಲ್ಲ ಹಿಂದಿನಿಂದ ಸುತ್ತಿ ಕಿಟಕಿಗೆ ಬರುತ್ತಿತ್ತು. ಅವ್ವ ಕೆಮ್ಮತೊಡಗಿದಳು.

"ಬಂದ್ ಮಾಡೋ… ತಡಿಯಾಕ… ಆಗವಲ್ದು."

ಬಂದ್ ಮಾಡಿದೆ. ಬೇರೆ ದಾರಿಯಿರಲಿಲ್ಲ. ರೈಲು ಹೋಗಿ ಗೇಟು ಎದ್ದಿತು, ಮುಂದಿನವರು ಹೊರಟರು, ಪಕ್ಕದವರು ಎದುರಿನ ಗಾಡಿಗಳ ನೂಕಿನಲ್ಲಿ ಸಿಕ್ಕಿಕೊಂಡರು. ಚಾವಿ ತಿರುಗಿಸಿದೆ. ಗರ್ ಗರ್ ಎಂದು ತಿರುಗಿತೇ ಹೊರತು ಹತ್ತಲಿಲ್ಲ. ಕಾಲಿನಿಂದ ಪೆಟ್ರೋಲ್ ಪೆಡಲನ್ನು ಒತ್ತಿದೆ, ಬಿಟ್ಟೆ, ಒತ್ತಿದೆ, ಬಿಟ್ಟೆ. ವಾಸನೆ ಇನ್ನೂ ಜೋರಾಯಿತು. ಹಿಂದಿನ ಬಸ್ಸಿನವನು ಹಾರ್ನ್ ಮೇಲೆ ಮಲಗಿಬಿಟ್ಟಿದ್ದ. ಯಾರೋ, "ಗುಜರಿಗಿ ಹಾಕಲೇ ಅದನ್ನ" ಎಂದು ಕೂಗಿದರು. ಕನ್ನಡಿಯಲ್ಲಿ ಅವ್ವನ ತುಟಿ ಕಪ್ಪಾಗುತ್ತಿರುವುದು ಕಂಡಿತು. ಮೂರು ವಾರ ಸುಳ್ಳು ಹೇಳಿದ ಬಾಯಿಂದಲೇ ಮಾವನಿಗೆ ಫೋನು ಮಾಡಿದೆ.

"ಮಾವ, ಗೇಟ್ನ್ಯಾಗ ನಿಂತೈತಿ. ಹತ್ತವಲ್ದು. ಅವ್ವಗ ಉಸರ…"

"ಪೆಡಲ್ ಒತ್ತಿ ಒತ್ತಿ ಬಿಡಾಕ ಹತ್ತಿಯೇನು?"

"ಹೂಂ."

"ಬ್ಯಾಡ! ಒಮ್ಮೆ ಒತ್ತಿದ್ರ ಒಮ್ಮೆ ಪೆಟ್ರೋಲ್ ಸುರದಂಗ. ಅದು ಆಗಲೇ ಮುಳುಗೈತಿ. ಕಾಲ ಪೂರಾ ಅದುಮು, ಎತ್ತಬ್ಯಾಡ. ಗಾಳಿ ಹೋಗಲಿ ಒಳಗ. ಹಂಗ ಹಿಡದು ಚಾವಿ ತಿರುವು. ನಾ ಬಂದೆ."

ಹೇಳಿದ ಹಾಗೆ ಮಾಡಿದೆ. ಬ್ಯಾಟರಿ ಸೊರಗುತ್ತಿತ್ತು. ಇನ್ನು ಆಗದು ಎನ್ನುವಾಗ ಕರೀ ಹೊಗೆ ಉಗುಳಿ ಎಂಜಿನ್ ಹತ್ತಿತು. ಕ್ಲಚ್ ಬಿಡಬೇಕು, ಅಷ್ಟರಲ್ಲಿ ಟಣ್ ಟಣ್ ಎಂದು ಗಂಟೆ ಬಾರಿಸುತ್ತ ಗೇಟು ಮತ್ತೆ ಇಳಿಯಿತು.

ಆ ಎರಡನೆಯ ಸಲದ ನಿಮಿಷಗಳನ್ನು ನಾನು ಯಾರಿಗೂ ಹೇಳಿಲ್ಲ, ಹೆಂಡತಿಗೂ. ಕಾಲು ಎತ್ತಿದರೆ ಎಂಜಿನ್ ಸಾಯುತ್ತದೆ, ಇನ್ನೊಮ್ಮೆ ಹತ್ತಿಸುವಷ್ಟು ಬ್ಯಾಟರಿ ಇಲ್ಲ. ಹಾಗಾಗಿ ನನ್ನ ಬಲಗಾಲು ಆ ಪೆಡಲಿಗೆ ಮೊಳೆ ಹೊಡೆದ ಹಾಗೆ. ಒಂದು ಮೊಳ ಹಿಂದೆ ನನ್ನನ್ನು ಹೆತ್ತವಳು ಬಾಯಿ ತೆರೆದು ಗಾಳಿ ಹುಡುಕುತ್ತಿದ್ದಾಳೆ, ಅವಳ ಹಣೆ ನನ್ನ ಸೀಟಿನ ಬೆನ್ನಿಗೆ ತಾಗಿ ತಾಗಿ ಬರುತ್ತಿದೆ, ತಿರುಗಿ ಅವಳನ್ನು ಹಿಡಿದುಕೊಳ್ಳಲು ನನಗೆ ಆಗುವುದಿಲ್ಲ. ಎಡಗೈ ಹಿಂದೆ ಚಾಚಿದೆ. ಅವಳ ಮೊಣಕೈ ಸಿಕ್ಕಿತು, ತಣ್ಣಗಿತ್ತು. "ಬಂತವ್ವ, ಬಂತು, ಇನ್ನೇನು ಬಂತು" ಎಂದು ಹೇಳುತ್ತಲೇ ಇದ್ದೆ. ನಾನು ಅಳುತ್ತಿದ್ದೆ ಎಂದು ಗೊತ್ತಾದದ್ದು ಲಾರಿಯ ಡ್ರೈವರ್ ಮೇಲಿನಿಂದ ನೋಡಿ ಹಾರ್ನ್ ಹೊಡೆಯುತ್ತಿದ್ದವರನ್ನು ಬೈದಾಗ.

ಬೈಕುಗಳ ಸಂದಿಯಲ್ಲಿ ಅಡ್ಡಡ್ಡ ನುಸುಳಿಕೊಂಡು ಮಾವ ಬಂದ. ಆಸ್ಪತ್ರೆಗೆ ಇನ್ನೂ ಹೊರಟಿರದವನು, ಗೇಟಿನ ಹತ್ತಿರದ ಮನೆಯಿಂದ ಲುಂಗಿಯಲ್ಲೇ ಓಡಿ ಬಂದಿದ್ದ. ಆಟೋದವನಿಗೆ ಕೈ ಮುಗಿದು ಒಂದು ಗೇಣು ಸರಿಸಿ, ನನ್ನ ಬಾಗಿಲು ತೆಗೆದು, ನನ್ನ ಕಾಲಿನ ಮೇಲೆಯೇ ತನ್ನ ಕಾಲಿಟ್ಟು ಪೆಡಲ್ ಹಿಡಿದುಕೊಂಡ.

"ತಗಿ ಕಾಲು. ಹಿಂದ ಹೋಗು. ಅಕ್ಕನ್ನ ಹಿಡಕೋ."

ನಾನು ಮುಂದಿನ ಎರಡು ಸೀಟಿನ ನಡುವಿನಿಂದ ಹಿಂದಕ್ಕೆ ದಾಟಿದೆ. ಅವ್ವನನ್ನು ನೆಟ್ಟಗೆ ಕೂರಿಸಿ ಎದೆಗೆ ಒರಗಿಸಿಕೊಂಡೆ. ಎಷ್ಟು ಹಗುರವಾಗಿದ್ದಳು! ಮೂರು ವರ್ಷ ಕಾರು ಹೊಡೆದೆನೇ ಹೊರತು ಅವಳನ್ನು ಹೀಗೆ ಹಿಡಿದುಕೊಂಡಿರಲಿಲ್ಲ ಎಂದು ಆಗ ತಿಳಿಯಿತು. ಕಾಲಿಗೆ ಏನೋ ಗಟ್ಟಿಯಾದದ್ದು ತಗುಲಿತು. ಜೀನ್ಸ್ ತುಂಡಿನ ಗಂಟು. ಗೇಟು ಎದ್ದಿತು, ಮಾವ ಹೊರಟ.

ಆಸ್ಪತ್ರೆ ಮುಟ್ಟಿದಾಗ ಎಂಟೂ ಮುಕ್ಕಾಲು. ನರ್ಸಮ್ಮ ನನ್ನನ್ನು ಬೈಯಲಿಲ್ಲ, ನೋಡಿದಳು ಅಷ್ಟೆ; ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಆಕ್ಸಿಜನ್ ಹಾಕಿದರು, ಯಂತ್ರಕ್ಕೆ ಹಚ್ಚಿದರು. ಮಧ್ಯಾಹ್ನದ ಪಾಳಿಯಲ್ಲಿ ಅವತ್ತು ಅವ್ವನ ಮಂಚಕ್ಕೆ ಬರಬೇಕಾದ ಮುದುಕರೊಬ್ಬರು ಒಳಗೆ ಇಣುಕಿ ನೋಡಿ, "ಅವರದು ಪೂರಾ ಆಗಲಿ ಬಿಡ್ರಿ, ನಾ ಕುಂತಿರತೀನಿ" ಎಂದರು. ಒಂದು ತಾಸಿನ ಮೇಲೆ ಅವ್ವನ ಉಸಿರು ಒಂದು ಹದಕ್ಕೆ ಬಂತು. ಡಾಕ್ಟರು ಹೆದರಬೇಡಿ ಎಂದ ಮೇಲೆ ನಾನು ಹೊರಗೆ ಬಂದೆ.

ಮಾವ ಬೇವಿನ ನೆರಳಲ್ಲಿ ಬಾನೆಟ್ ಎತ್ತಿಕೊಂಡು ನಿಂತಿದ್ದ. ಕೇಬಲ್ ಹರಿದಿಲ್ಲ ಎಂಬುದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಕಿಡಿ ಹೊತ್ತಿಸುವ ಪ್ಲಗ್ಗು ಬಿಚ್ಚಿ ತೋರಿಸಿದ. ಒಲೆಯ ಮೇಲಿನ ಮಡಕೆಯ ತಳದ ಹಾಗೆ ಮಸಿ. ಅಗಲ ಗಂಟಲಿಗೆ ಸೆಳೆತ ಸಾಲದೆಂದು ಸಿರುಗುಪ್ಪದ ಮಿಸ್ತ್ರಿ ಜೆಟ್ ದೊಡ್ಡದು ಮಾಡಿದ್ದ. ನಿಂತಲ್ಲಿ ಎಂಜಿನ್ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಪೆಟ್ರೋಲ್ ಸೋರಿ, ಬಿಸಿಗೆ ಕುದಿದು, ಒಳಗೆಲ್ಲ ತುಂಬಿಕೊಂಡಿತ್ತು.

"ಕುಡಿಯಾಕ ಆಗದಷ್ಟು ಹಾಕಿದ್ರ ಯಾರಾದ್ರೂ ಮುಳುಗತಾರ" ಎಂದ. ಅವನು ಕಾರಿನ ಬಗ್ಗೆಯೇ ಹೇಳಿದ್ದು. ಇಬ್ಬರೂ ಒಮ್ಮೆಗೇ ಆಸ್ಪತ್ರೆಯ ಕಿಟಕಿಯ ಕಡೆ ನೋಡಿದೆವು.

"ತಪ್ಪಾತು ಮಾವ."

"ಮೊದಲ ದಿನನ ವಾಸನಿ ಹತ್ತಿತ್ತು ನನಗ. ನನ್ನ ಮಾತು ಮೀರಿದಾನ, ಅವನಾಗೇ ಬಾಯಿ ಬಿಡಲಿ ಅಂತ ಸಿಟ್ಟಿಗೆ ಸುಮ್ನ ಕುಂತೆ. ನಂದೂ ತಪ್ಪ ಐತಿ. ಅಕ್ಕನ ಜೀವಕ್ಕ ಬರತಿತ್ತು." ಅವನ ಕಣ್ಣು ಕೆಂಪಾಗಿದ್ದವು. ಆಮೇಲೆ ಕೈ ಚಾಚಿ, "ಕೊಡು ಸಣ್ಣದು. ಇಟ್ಟೀಯೋ ಒಗದೀಯೋ?" ಎಂದ. ಜೀನ್ಸ್ ಗಂಟನ್ನು ಕೊಟ್ಟೆ. ಅದನ್ನು ಬಿಚ್ಚಿ, ಬಾಯಿಂದ ಊದಿ, ಅಂಗೈಯಲ್ಲಿಟ್ಟು ತೂಗಿ, ಮಗುವಿನ ಕೆನ್ನೆ ಒರೆಸುವ ಹಾಗೆ ಹೆಬ್ಬೆರಳಿನಿಂದ ಒರೆಸಿದ. ಅವ್ವನ ಪಾಳಿ ಮುಗಿಯುವುದರೊಳಗೆ ಅದು ತನ್ನ ಜಾಗದಲ್ಲಿ ಕೂತಿತ್ತು. ಚಾವಿ ತಿರುಗಿಸಿದೆ. ಎಂಜಿನ್ ಹತ್ತಿ, ಕಾಲು ತೆಗೆದರೂ ಸಣ್ಣಗೆ ಉಸಿರಾಡುತ್ತ ನಿಂತಿತು. ಆ ಸದ್ದು ಅಷ್ಟು ಚೆನ್ನಾಗಿದೆ ಎಂದು ನನಗೆ ಮೂರು ವರ್ಷದಲ್ಲಿ ಅನ್ನಿಸಿರಲಿಲ್ಲ.

ವಾಪಸು ಬರುವಾಗ ಅವ್ವ ಹಿಂದಿನ ಸೀಟಿನಲ್ಲಿ ಕಿಟಕಿಗೆ ಒರಗಿ ಕೂತಿದ್ದಳು. ಡಾಕ್ಟರು ನಾಲ್ಕು ಗಂಟೆಯವರೆಗೆ ಇಟ್ಟುಕೊಂಡು ನೋಡಿ ಕಳಿಸಿದ್ದರಿಂದ ಬಿಸಿಲು ಇಳಿಯುತ್ತಿತ್ತು. ಹುಲ್ಲು ಹೇರಿದ ಒಂದು ಟ್ರ್ಯಾಕ್ಟರ್ ಮುಂದೆ ಹೋಗುತ್ತಿತ್ತು. ದಾಟುವ ತ್ರಾಣ ಕಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

"ನನ್ನ ಕಾಲಾಗ ಉರುಳಾಡತಿತ್ತಲ್ಲ, ಅದನ್ನ ಕುಂದರಿಸಿದ್ರೇನು?" ಎಂದಳು ಅವ್ವ.

"ಹೂಂ ಅವ್ವ."

"ಮೂರು ವಾರದಿಂದ ನೋಡಾಕ ಹತ್ತೀನಿ. ನನ್ನ ಲಗೂನ ಮುಟ್ಟಿಸಾಕ ಅಂತ ಮಾಡಿದಿಯೋ, ನೀ ಲಗೂನ ಬಿಡಿಸಿಕೊಳ್ಳಾಕ ಅಂತ ಮಾಡಿದಿಯೋ?"

ಸುಳ್ಳು ಹೇಳಬಹುದಿತ್ತು. ಮೂರು ವಾರದಲ್ಲಿ ಅಭ್ಯಾಸವೂ ಆಗಿತ್ತು. "ಬಿಡಿಸಿಕೊಳ್ಳಾಕ" ಎಂದೆ. ಹೇಳಿದ ಮೇಲೆ ಕನ್ನಡಿ ನೋಡುವ ಧೈರ್ಯ ಬರಲಿಲ್ಲ.

ಅವ್ವ ಸಿಟ್ಟಾಗಲಿಲ್ಲ. "ಗೊತ್ತಿತ್ತು ತಗೋ. ನಿನ್ನ ಜಾಗದಾಗ ನಾ ಇದ್ದರೂ ಹಂಗ ಮಾಡತಿದ್ದೆ" ಎಂದಳು. "ಖರೇ ಒಂದು ಮಾತು ಕೇಳು. ಅಲ್ಲಿ ಹ್ವಾದ್ರ ಮಂಚ, ಸೂಜಿ. ಮನಿಗಿ ಬಂದ್ರ ಮೂರು ಲೋಟ ನೀರು, ಗ್ವಾಡಿ. ಈ ದಾರಿ ಒಂದ ನೋಡು ನಂದು ಅನ್ನಾದು. ಭತ್ತ ತೆನಿ ಬಿಟ್ಟೈತೋ ಇಲ್ಲೋ, ಕಾಲಿವಿಗಿ ನೀರ ಬಿಟ್ಟಾರೋ ಇಲ್ಲೋ, ಯಾರ ಹೊಲದಾಗ ಯಾರು ಅದಾರ, ಅಷ್ಟು ನೋಡಕೊಂತ ಹೋಗತೀನಿ. ನೀ ಅದನ್ನ ಕಡಿಮಿ ಮಾಡಾಕ ಹೊಂಟಿದ್ದಿ."

ಈ ಕಾರಿನಲ್ಲಿ ಸಿಕ್ಕಿಕೊಂಡವನು ನಾನೊಬ್ಬನೇ ಎಂದು ಮೂರು ವರ್ಷ ತಿಳಿದಿದ್ದೆ. ಹಿಂದಿನ ಸೀಟಿನಲ್ಲಿ ಇದ್ದವಳಿಗೆ ವಾರವಿಡೀ ಸಿಗುತ್ತಿದ್ದ ಬಯಲು ಈ ಒಂದು ತಾಸು, ಅದನ್ನೇ ನಾನು ಕತ್ತರಿ ಹಿಡಿದು ಅಂಚಿನಿಂದ ಕತ್ತರಿಸುತ್ತ ಬಂದಿದ್ದೆ.

ಈಗಲೂ ಸೋಮವಾರ, ಬುಧವಾರ, ಶುಕ್ರವಾರ ಹೋಗುತ್ತೇವೆ. ಕಟ್ಟಿಹಾಕಿದ ಹಾಗೆ ಈಗಲೂ ಅನ್ನಿಸುತ್ತದೆ, ಅದು ಹೋಗಿಲ್ಲ, ಹೋಗುವುದೂ ಇಲ್ಲ. ಕಾಲು ತಾಸು ಮುಂಚೆ ಎದ್ದು ಹೊರಡುತ್ತೇನೆ ಅಷ್ಟೆ. ಆದರೆ ಆ ಸಂಜೆ ಕುರುಗೋಡಿನ ಗುಡ್ಡಗಳು ಕಂಡು, ಗುಡಿಯ ತಿರುವು ಬಂದಾಗ, ನಾನು ಎರಡನೆಯ ಗೇರಿಗೆ ಇಳಿದು, ಆಮೇಲೆ ಮೊದಲನೆಯದಕ್ಕೆ ಇಳಿದು, ಪೆಡಲಿನಿಂದ ಕಾಲು ಪೂರಾ ತೆಗೆದೆ. ಎಂಜಿನ್ ನಿಲ್ಲಲಿಲ್ಲ. ಹಿಂದೆ ಚಪ್ಪಲಿ ಬಿಟ್ಟ ಸದ್ದಾಯಿತು, ಸೆರಗು ಎಳೆದುಕೊಂಡ ಸದ್ದಾಯಿತು. ಕಾರು ನಡೆಯುವವನ ಜೊತೆ ನಡೆಯುವಷ್ಟು ನಿಧಾನವಾಗಿ ಹೋಗುತ್ತಿತ್ತು. ಗುಡಿ ದಾಟಿತು, ಅಂಗಡಿಸಾಲು ದಾಟಿತು, ಹಿಂದೆ ಒಬ್ಬ ಹಾರ್ನ್ ಹೊಡೆದ. ನಾನು ಕಾಲು ಒತ್ತಲಿಲ್ಲ. ಅವ್ವನ ಅಂಗೈ ನನ್ನ ಸೀಟಿಗೆ ತಾಗುವವರೆಗೆ ಕಾದೆ.